ಕಿರುತೆರೆಯ ಉಪದೇಶವೂ ಸಮಾಜದ ನಡೆಯೂ

ಉಪದೇಶವು ಮೂರು ಬಗೆಯದೆಂದು ನಮ್ಮ ಆಲಂಕಾರಿಕರು ಹೇಳಿದ್ದಾರೆ. ವೇದಶಾಸ್ತ್ರಗಳು ಪ್ರಭುವಿನಂತೆ ಆಜ್ಞೆ ಮಾಡುತ್ತವೆ. ಇತಿಹಾಸ ಪುರಾಣಗಳು ಮಿತ್ರನಂತೆ ಬುದ್ಧಿ ಹೇಳುತ್ತವೆ. ಕಾವ್ಯವಾದರೋ ಕಾಂತೆಯಂತೆ ಮನಸ್ಸನ್ನು ರಸದಿಂದ ಒಲಿಸಿಕೊಂಡು, ಕೇಳುವವನಿಗೆ ತಾನು ಉಪದೇಶ ಕೇಳುತ್ತಿದ್ದೇನೆಂಬ ಅರಿವೇ ಆಗದಂತೆ ಅವನನ್ನು ಒಳ್ಳೆಯ ದಾರಿಗೆ ತಿರುಗಿಸುತ್ತದೆ. ಮಮ್ಮಟನು ‘ಕಾವ್ಯಪ್ರಕಾಶ’ದಲ್ಲಿ ಕಾವ್ಯದ ಪ್ರಯೋಜನಗಳನ್ನು ಎಣಿಸುವಾಗ ಕಾಂತಾಸಮ್ಮಿತವಾದ ಉಪದೇಶವನ್ನು ಸೇರಿಸಿರುವುದನ್ನು ಪಂಡಿತ ಪರೀಕ್ಷೆಗೆ ಓದಿದವರೆಲ್ಲ ಬಲ್ಲರು.

ಇಂದು ಅರಮನೆಯ ಆಸ್ಥಾನವಾಗಲಿ, ದೇವಾಲಯದ ರಂಗಮಂಟಪವಾಗಲಿ ಉಪದೇಶದ ಮುಖ್ಯ ಸ್ಥಾನಗಳಾಗಿ ಉಳಿದಿಲ್ಲ. ಪ್ರಭು, ಮಿತ್ರ, ಕಾಂತೆ ಮೂವರೂ ನಡುಮನೆಯ ಒಂದು ಪೆಟ್ಟಿಗೆಯೊಳಗೆ ಬಂದು ಕುಳಿತಿದ್ದಾರೆ. ಆ ಪೆಟ್ಟಿಗೆಯೊಳಗಿನಿಂದ ಲೋಕಪ್ರಸಿದ್ಧನಾದ ನಟನೊಬ್ಬನು ಎದುರಿಗೆ ಬಂದು, ನಮ್ಮ ಸಮಾಜದಲ್ಲಿ ಇಂಥ ಕೊಳೆ ಇದೆ, ಇದನ್ನು ತೊಳೆಯೋಣ ಎಂದು ಹೇಳಿದರೆ ಕೊಳೆ ಹೋಗುತ್ತದೆಯೆ? ೨೦೧೨ರ ಬೇಸಗೆಯಲ್ಲಿ ಈ ಪ್ರಶ್ನೆ ಭಾರತದ ಮನೆಮನೆಯಲ್ಲಿ ಚರ್ಚೆಗೆ ಬಂದಿತ್ತು. ಹಿಂದೀ ಚಲನಚಿತ್ರನಟ ಆಮೀರ್ ಖಾನರು ನಡೆಸಿಕೊಟ್ಟ ‘ಸತ್ಯಮೇವ ಜಯತೇ’ ಎಂಬ ಟೆಲಿವಿಷನ್ ಕಾರ್ಯಕ್ರಮ ಅದಕ್ಕೆ ಕಾರಣ. ಇದರಿಂದ ದೇಶವೇ ಬದಲಾಗುತ್ತದೆ ಎಂದವರು ಕೆಲವರು; ಇದು ಕಣ್ಣೀರಿನ ವ್ಯಾಪಾರವೆಂದು ಮೂಗು ಮುರಿದವರು ಕೆಲವರು. ಅಂದಿನ ಉತ್ಸಾಹವೂ ಅಂದಿನ ಕುಹಕವೂ ಈಗ ತಣ್ಣಗಾಗಿವೆ. ಒಂದು ದಶಕಕ್ಕೂ ಹೆಚ್ಚು ಕಾಲ ಸರಿದುಹೋಗಿರುವುದರಿಂದ, ಇತಿಹಾಸದ ದೃಷ್ಟಿಯಿಂದ ಜಮಾಖರ್ಚು ನೋಡಲು ಇದು ತಕ್ಕ ಸಮಯ.

ಈ ಕಾರ್ಯಕ್ರಮಕ್ಕೆ ಹಿರಿಯರುಂಟು. ಅವರನ್ನು ನೆನೆಯದೆ ಕಿರಿಯನ ಯೋಗ್ಯತೆಯನ್ನು ನಿರ್ಣಯಿಸುವುದು ನ್ಯಾಯವಾಗದು. ನಮ್ಮ ನಾಡಿನ ಕೀರ್ತನಕಾರರು ಪುರಾಣದ ಕಥೆಯ ನಡುವೆ ಉಪಕಥೆಯ ನೆಪದಿಂದ ಊರಿನ ಅವಗುಣಗಳನ್ನು ಎತ್ತಿ ಆಡುತ್ತಿದ್ದುದು ಹಿರಿಯ ವಾಚಕರಿಗೆ ನೆನಪಿದ್ದೀತು. ಮುದ್ರಣ ಬಂದ ಮೇಲೆ ಆ ಕೆಲಸವನ್ನು ಕಾದಂಬರಿ ಕೈಗೆತ್ತಿಕೊಂಡಿತು. ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ ೧೮೯೯ರಲ್ಲಿ ಪ್ರಕಟವಾಗಿ ವಿಧವಾವಿವಾಹದ ಪರವಾಗಿ ಮಾತನಾಡಿತು. ಆದರೆ ಅದೇ ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು ೧೮೯೨ರಲ್ಲಿಯೇ ಅಸ್ಪೃಶ್ಯರೆನಿಸಿಕೊಂಡವರ ಮಕ್ಕಳಿಗಾಗಿ ಶಾಲೆ ತೆರೆದು, ಸ್ವಜನರ ಬಹಿಷ್ಕಾರವನ್ನು ಹೊತ್ತು ದುಡಿಯುತ್ತಿದ್ದರು. ಪುಸ್ತಕ ಓದಿ ಮನಸ್ಸು ಕರಗಿದವನಿಗೆ ಹೋಗಿ ಕೈಜೋಡಿಸಲು ಅದೇ ಊರಿನಲ್ಲಿ ಕೆಲಸವೊಂದು ನಡೆದಿತ್ತು ಎಂಬ ಸಂಗತಿಯನ್ನು ಇಲ್ಲಿ ಗುರುತಿಸಿಕೊಂಡು ಮುಂದೆ ಹೋಗೋಣ. ಮುಂದಿನ ವಿಚಾರಕ್ಕೆಲ್ಲ ಇದೇ ಅಳತೆಗೋಲು.

ಬಳಿಕ ಬಾನುಲಿ ಬಂತು. ಮೈಸೂರಿನ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು ೧೯೩೫ರ ಸೆಪ್ಟೆಂಬರಿನಲ್ಲಿ ತಮ್ಮ ಮನೆಯಲ್ಲೇ ಸಣ್ಣದೊಂದು ಪ್ರಸಾರಯಂತ್ರವನ್ನಿಟ್ಟು ಆರಂಭಿಸಿದ ಕೇಂದ್ರಕ್ಕೆ ‘ಆಕಾಶವಾಣಿ’ ಎಂಬ ಹೆಸರು ಬಂದುದೂ, ಆ ಹೆಸರೇ ಮುಂದೆ ಸಮಸ್ತ ಭಾರತದ ಬಾನುಲಿಗೆ ಸಂದುದೂ ಕನ್ನಡಿಗರು ಹೆಮ್ಮೆಪಡುವ ಸಂಗತಿ. ಆದರೆ ನಮ್ಮ ಪ್ರಸ್ತುತ ವಿಷಯಕ್ಕೆ ಹೆಚ್ಚು ಸಮೀಪವಾದುದು ೧೯೫೬ರಲ್ಲಿ ಪುಣೆಯಲ್ಲಿ ನಡೆದ ಪ್ರಯೋಗ.

ಆ ವರ್ಷ ಆಕಾಶವಾಣಿಯು ಯುನೆಸ್ಕೋ ಸಂಸ್ಥೆಯ ನೆರವಿನಿಂದ ಆಗಿನ ಮುಂಬಯಿ ರಾಜ್ಯದ ಐದು ಮರಾಠಿ ಜಿಲ್ಲೆಗಳ ಸುಮಾರು ೧೫೦ ಹಳ್ಳಿಗಳಲ್ಲಿ ಕೇಳುಗರ ಕೂಟಗಳನ್ನು ಏರ್ಪಡಿಸಿತು. ಹಳ್ಳಿಯ ಕೆಲವರು ವಾರಕ್ಕೆರಡು ಬಾರಿ ರೇಡಿಯೋದ ಮುಂದೆ ಕೂಡುವುದು, ಅರ್ಧ ಗಂಟೆಯ ಕಾರ್ಯಕ್ರಮವನ್ನು ಕೇಳುವುದು, ಕೇಳಿದ ಕೂಡಲೆ ಏಳದೆ ಅದರ ಮೇಲೆ ಚರ್ಚೆ ಮಾಡುವುದು, ಸಂದೇಹಗಳನ್ನು ಬರೆದು ಕೇಂದ್ರಕ್ಕೆ ಕಳಿಸುವುದು, ನಿಶ್ಚಯವಾದುದನ್ನು ಊರಿನಲ್ಲಿ ಮಾಡಿ ನೋಡುವುದು — ಇದು ಅದರ ಕ್ರಮ. ಇಂಥದೊಂದು ಏರ್ಪಾಟು ಕೆನಡಾ ದೇಶದ ರೈತರಲ್ಲಿ ೧೯೪೧ರಿಂದಲೇ ನಡೆದಿತ್ತು. ಪುಣೆಯ ಪ್ರಯೋಗದ ಫಲವನ್ನು ಟಾಟಾ ಸಮಾಜವಿಜ್ಞಾನ ಸಂಸ್ಥೆಯವರು ಪರೀಕ್ಷಿಸಿದರು. ಕೂಟವಿದ್ದ ಹಳ್ಳಿ, ರೇಡಿಯೋ ಇದ್ದೂ ಕೂಟವಿಲ್ಲದ ಹಳ್ಳಿ, ರೇಡಿಯೋವೇ ಇಲ್ಲದ ಹಳ್ಳಿ ಎಂದು ಮೂರು ಬಗೆಯವನ್ನು ಹೋಲಿಸಿ ನೋಡಿದಾಗ ಕೂಟವಿದ್ದ ಹಳ್ಳಿಗಳಲ್ಲಿ ತಿಳಿವಳಿಕೆ ಬಹಳವಾಗಿ ಬೆಳೆದಿತ್ತು. ಬರಿಯ ರೇಡಿಯೋ ಇದ್ದ ಹಳ್ಳಿಗಳ ಲಾಭ ಅದರ ಮುಂದೆ ಅತ್ಯಲ್ಪವಾಗಿತ್ತು. ಧ್ವನಿ ಎರಡು ಕಡೆಯೂ ಒಂದೇ. ಫಲದ ಭೇದಕ್ಕೆ ಕಾರಣ ಕೇಳಿದ ಮೇಲೆ ಜನ ಮಾಡಿದ ಮಾತುಕತೆ. ಈ ಫಲವನ್ನು ಕಂಡೇ ೧೯೫೯ರಲ್ಲಿ ಗ್ರಾಮೀಣ ಬಾನುಲಿ ಕೂಟಗಳನ್ನು ದೇಶದಲ್ಲೆಲ್ಲ ಹರಡಲು ಹೊರಟರು.

ಅದೇ ೧೯೫೯ರ ಸೆಪ್ಟೆಂಬರ್ ೧೫ರಂದು ದಿಲ್ಲಿಯಲ್ಲಿ ಟೆಲಿವಿಷನ್ನಿನ ಪ್ರಯೋಗ ಮೊದಲಾಯಿತು. ಕನ್ನಡ ನಾಡಿಗೆ ಅದು ಬಂದ ಬಗೆ ವಿಚಿತ್ರವಾದುದು. ರಾಜಧಾನಿಗೆ ಮೊದಲು ಬಂದು ಹಳ್ಳಿಗೆ ಇಳಿಯುವುದು ಲೋಕರೂಢಿ. ಇಲ್ಲಿ ಹಾಗಾಗಲಿಲ್ಲ. ೧೯೭೫ರ ಆಗಸ್ಟ್ ೧ರಿಂದ ಒಂದು ವರ್ಷಕಾಲ ಅಮೆರಿಕದಿಂದ ಎರವಲು ಪಡೆದ ಉಪಗ್ರಹದ ಮೂಲಕ ನಮ್ಮ ಬಾಹ್ಯಾಕಾಶ ಸಂಸ್ಥೆಯವರು ಆರು ರಾಜ್ಯಗಳ ಸುಮಾರು ೨,೪೦೦ ಹಳ್ಳಿಗಳಿಗೆ ಬೋಧಪ್ರದ ಕಾರ್ಯಕ್ರಮಗಳನ್ನು ತೋರಿಸಿದರು. ಅದರಲ್ಲಿ ನಮ್ಮ ವಿಜಾಪುರ, ಕಲಬುರಗಿ, ರಾಯಚೂರು ಜಿಲ್ಲೆಗಳಿದ್ದವು. ಕನ್ನಡವೂ ಪ್ರಸಾರದ ಭಾಷೆಗಳಲ್ಲೊಂದಾಗಿತ್ತು. ಬೆಳಗ್ಗೆ ಶಾಲೆಯ ಮಕ್ಕಳಿಗೆ, ಸಂಜೆ ಊರವರಿಗೆ, ಬಯಲಿನಲ್ಲಿ ಒಂದೇ ಪೆಟ್ಟಿಗೆಯ ಮುಂದೆ ಊರೆಲ್ಲ ಕುಳಿತು ನೋಡುವ ಏರ್ಪಾಟು. ಆಗ ಬೆಂಗಳೂರಿನವರಿಗೆ ಟೆಲಿವಿಷನ್ ಇರಲಿಲ್ಲ. ಅಲ್ಲಿ ದೂರದರ್ಶನ ಕೇಂದ್ರ ಬಂದುದು ೧೯೮೧ರಲ್ಲಿ. ಆ ಪ್ರಯೋಗದ ಪರಿಶೀಲನೆಯಲ್ಲಿ ಕಂಡುಬಂದ ಒಂದು ಸಂಗತಿ ಮನನೀಯ. ಓದುಬರೆಹ ಬಲ್ಲವರಿಗಿಂತ ಬಾರದವರಿಗೆ, ಗಂಡಸರಿಗಿಂತ ಹೆಂಗಸರಿಗೆ, ಅದರಿಂದ ತಿಳಿವಳಿಕೆ ಹೆಚ್ಚಾಗಿ ದೊರೆಯಿತು. ಆದರೆ ತಿಳಿದುದನ್ನು ಆಚರಣೆಗೆ ತರುವುದು ಅಷ್ಟಾಗಿ ಆಗಲಿಲ್ಲ. ಹೊಸ ಬೀಜ ಒಳ್ಳೆಯದೆಂದು ಪರದೆ ಹೇಳಿದರಾಯಿತೆ? ಬೀಜ ಸಂತೆಯಲ್ಲಿ ಸಿಕ್ಕಬೇಕು, ಕೊಳ್ಳಲು ರೈತನ ಕೈಯಲ್ಲಿ ಹಣವಿರಬೇಕು.

ಇಲ್ಲಿಯವರೆಗೆ ಮಾತನಾಡಿದವರು ಅಧಿಕಾರಿಗಳು, ತಜ್ಞರು. ಖ್ಯಾತನಟನೊಬ್ಬ ಉಪದೇಶಕನಾಗಿ ಪರದೆಯ ಮೇಲೆ ನಿಂತುದು ‘ಹಮ್ ಲೋಗ್’ ಧಾರಾವಾಹಿಯಲ್ಲಿ. ಕಥೆಯ ಮೂಲಕ ಕುಟುಂಬಯೋಜನೆಯನ್ನು ಬೋಧಿಸುವ ಮೆಕ್ಸಿಕೋ ದೇಶದ ಪದ್ಧತಿಯನ್ನು ಅನುಸರಿಸಿ, ಮನೋಹರ ಶ್ಯಾಮ ಜೋಶಿಯವರು ಬರೆದ ಈ ಕಥೆ ೧೯೮೪ರ ಜುಲೈಯಿಂದ ೧೯೮೫ರ ಡಿಸೆಂಬರಿನವರೆಗೆ ಪ್ರಸಾರವಾಯಿತು. ಪ್ರತಿ ಕಂತಿನ ಕೊನೆಗೆ ಹಿರಿಯ ನಟ ಅಶೋಕ್ ಕುಮಾರರು ಬಂದು, ಮನೆಯ ಅಜ್ಜನಂತೆ ಅರ್ಧ ನಿಮಿಷ ಮಾತನಾಡಿ, ಕಥೆಯ ನೀತಿಯೇನೆಂಬುದನ್ನು ವೀಕ್ಷಕರ ಮುಂದಿಡುತ್ತಿದ್ದರು. ಜನ ಅದನ್ನು ಎಷ್ಟು ಹಚ್ಚಿಕೊಂಡರೆಂದರೆ ದೂರದರ್ಶನಕ್ಕೆ ನಾಲ್ಕು ಲಕ್ಷದಷ್ಟು ಪತ್ರಗಳು ಬಂದುವೆಂದು ಅದನ್ನು ಅಭ್ಯಾಸ ಮಾಡಿದ ವಿದ್ವಾಂಸರು ಬರೆದಿದ್ದಾರೆ.

ಆ ವಿದ್ವಾಂಸರು ಕಂಡ ಇನ್ನೆರಡು ಸಂಗತಿಗಳು ಹೆಚ್ಚು ಬೆಲೆಯುಳ್ಳವು. ಕುಟುಂಬಯೋಜನೆಯ ಉಪದೇಶ ಮೊದಮೊದಲು ನೇರವಾಗಿಯೇ ಇತ್ತು. ಜನ ಬೇಸರಪಟ್ಟರೆಂದು ಹದಿಮೂರು ಕಂತುಗಳ ಸುಮಾರಿಗೆ ಅದನ್ನು ಹಿಂದೆ ಸರಿಸಿ ಕಥೆಗೆ ಹೆಚ್ಚು ಜಾಗ ಕೊಟ್ಟರು. ಎರಡನೆಯದು ಇನ್ನೂ ಸ್ವಾರಸ್ಯವಾದುದು. ಆ ಮನೆಯ ತಾಯಿ ಭಾಗವಂತಿ ಎಲ್ಲರ ನಿಂದೆಯನ್ನೂ ನುಂಗಿಕೊಂಡು ಬಾಳುವವಳು. ಹೆಣ್ಣು ಹೀಗಿರಬಾರದೆಂದು ತೋರಿಸುವುದಕ್ಕಾಗಿ ಆ ಪಾತ್ರವನ್ನು ರಚಿಸಿದ್ದರು. ನೋಡಿದವರಲ್ಲಿ ಅನೇಕ ಹೆಂಗಸರು ಆಕೆಯನ್ನೇ ಆದರ್ಶ ಗೃಹಿಣಿಯೆಂದು ತಿಳಿದರು! ಕವಿಯ ಅಭಿಪ್ರಾಯ ಒಂದು, ಸಹೃದಯನ ಗ್ರಹಿಕೆ ಇನ್ನೊಂದು. ನೋಡುವವನು ಪರದೆಯ ಮುಂದೆ ಬರಿಗೈಯಲ್ಲಿ ಕುಳಿತಿರುವುದಿಲ್ಲ. ತನ್ನ ಮನೆಯ ಸಂಸ್ಕಾರವನ್ನೆಲ್ಲ ತಂದುಕೊಂಡು ಕುಳಿತಿರುತ್ತಾನೆ.

‘ಹಮ್ ಲೋಗ್’ ಇನ್ನೊಂದು ಹೊಸ ದಾರಿಯನ್ನೂ ತೆರೆಯಿತು. ಸಿದ್ಧ ಶ್ಯಾವಿಗೆಯಂಥ ತಿನಿಸಾದ ಮ್ಯಾಗಿಯ ತಯಾರಕರು ಆ ಧಾರಾವಾಹಿಗೆ ಪ್ರಾಯೋಜಕರಾದರು. ಉಪದೇಶವೂ ಜಾಹೀರಾತೂ ಒಂದೇ ಚಾಪೆಯ ಮೇಲೆ ಕುಳಿತುವು. ಮುಂದೆ ಖಾಸಗಿ ವಾಹಿನಿಗಳು ಬಂದುವು; ೨೦೦೦ದಲ್ಲಿ ಅಮಿತಾಭ್ ಬಚ್ಚನ್ನರ ‘ಕೌನ್ ಬನೇಗಾ ಕರೋಡ್‌ಪತಿ’ ಬಂದು, ದೊಡ್ಡ ನಟನನ್ನು ಕಿರುತೆರೆಗೆ ಕರೆತಂದರೆ ದೇಶಕ್ಕೆ ದೇಶವೇ ಮನೆಯೊಳಗೆ ಕೂರುತ್ತದೆ ಎಂಬುದು ಸಿದ್ಧವಾಯಿತು. ಕೇಬಲ್ ಟೆಲಿವಿಷನ್ನು ಹೊಸದಾಗಿ ಬಂದ ಹಳ್ಳಿಗಳನ್ನು ಕುರಿತು ಇಬ್ಬರು ಅರ್ಥಶಾಸ್ತ್ರಜ್ಞರು ೨೦೦೯ರಲ್ಲಿ ಪ್ರಕಟಿಸಿದ ಲೇಖನವೊಂದು ಪಂಡಿತರನ್ನು ಬೆರಗುಗೊಳಿಸಿತು. ಹೆಂಡತಿಯನ್ನು ಹೊಡೆಯುವುದು ಸರಿಯೆಂಬ ಭಾವನೆಯೂ, ಗಂಡುಮಗುವೇ ಬೇಕೆಂಬ ಹಂಬಲವೂ ಅಂಥ ಹಳ್ಳಿಗಳ ಹೆಂಗಸರಲ್ಲಿ ಕಡಮೆಯಾಗಿದ್ದುವಂತೆ. ಅವರು ನೋಡಿದ್ದು ಬಹುಮಟ್ಟಿಗೆ ಸಾಧಾರಣ ಧಾರಾವಾಹಿಗಳನ್ನೇ. ಬೇರೊಂದು ಬಗೆಯ ಬದುಕು ದಿನದಿನವೂ ಕಣ್ಣಿಗೆ ಬಿದ್ದುದೇ ಅಲ್ಲಿ ಪಾಠವಾಗಿತ್ತು. ಕಾಂತಾಸಮ್ಮಿತದ ಶಕ್ತಿಯನ್ನು ಬಲ್ಲ ನಮ್ಮ ಮಮ್ಮಟನಿಗೆ ಇದರಿಂದ ಆಶ್ಚರ್ಯವಾಗುತ್ತಿರಲಿಲ್ಲ.

ಈ ಹಿನ್ನೆಲೆಯಲ್ಲಿ ೨೦೧೨ರ ಮೇ ೬ರ ಭಾನುವಾರ ಬೆಳಗ್ಗೆ ಹನ್ನೊಂದು ಗಂಟೆಗೆ ‘ಸತ್ಯಮೇವ ಜಯತೇ’ ಆರಂಭವಾಯಿತು. ಸತ್ಯಜಿತ್ ಭಟ್ಕಳರು ಅದರ ನಿರ್ದೇಶಕರು. ಸ್ಟಾರ್ ಸಂಸ್ಥೆಯ ವಾಹಿನಿಗಳಲ್ಲಿಯೂ ದೂರದರ್ಶನದಲ್ಲಿಯೂ ಒಂದೇ ವೇಳೆಗೆ ಪ್ರಸಾರ. ವಾರಗಟ್ಟಲೆ ಮೊದಲೇ ಡಂಗುರ ಹೊಡೆದಾಗಿತ್ತು. ಮೊದಲ ವರ್ಷ ಹದಿಮೂರು ಕಂತುಗಳು: ಹೆಣ್ಣು ಭ್ರೂಣಹತ್ಯೆ, ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ, ವರದಕ್ಷಿಣೆ, ವೈದ್ಯವೃತ್ತಿಯ ಅನಾಚಾರ, ಅಂಗವಿಕಲರ ಬಾಳು, ಮನೆಯೊಳಗಿನ ಹಿಂಸೆ, ಕುಡಿತ, ಅಸ್ಪೃಶ್ಯತೆ, ವೃದ್ಧರ ಅವಸ್ಥೆ, ನೀರು ಇತ್ಯಾದಿ. ೨೦೧೪ರಲ್ಲಿ ಇನ್ನೆರಡು ಸಲ, ಒಟ್ಟು ಹನ್ನೊಂದು ಕಂತುಗಳಾಗಿ ಬಂದು ಅದು ಮುಗಿಯಿತು. ನೊಂದವರು ಬಂದು ತಮ್ಮ ಕಥೆ ಹೇಳುವುದು, ತಜ್ಞರು ವಿವರಿಸುವುದು, ಸಭಿಕರು ಕಣ್ಣೊರಸಿಕೊಳ್ಳುವುದು, ಕೊನೆಗೊಂದು ಹಾಡು, ಬಳಿಕ ಪ್ರೇಕ್ಷಕರು ತಮ್ಮ ಒಪ್ಪಿಗೆಯನ್ನು ಸಂದೇಶದ ಮೂಲಕ ತಿಳಿಸಬೇಕೆಂಬ ಕೋರಿಕೆ — ಇದು ಅದರ ಕಟ್ಟಡ.

ಫಲವನ್ನು ಒಂದೊಂದಾಗಿ ನೋಡೋಣ. ಮೊದಲ ಕಂತಿನ ವಿಷಯ ಹೆಣ್ಣು ಭ್ರೂಣಹತ್ಯೆ. ಆರು ವರ್ಷದೊಳಗಿನ ಮಕ್ಕಳಲ್ಲಿ ಸಾವಿರ ಗಂಡಿಗೆ ೧೯೬೧ರ ಜನಗಣತಿಯಲ್ಲಿ ೯೭೬ ಹೆಣ್ಣುಗಳಿದ್ದವು. ೨೦೦೧ರಲ್ಲಿ ೯೨೭, ೨೦೧೧ರಲ್ಲಿ ಸುಮಾರು ೯೧೯. ಭ್ರೂಣದ ಲಿಂಗಪತ್ತೆಯನ್ನು ನಿಷೇಧಿಸುವ ಕಾಯಿದೆ ೧೯೯೪ರಲ್ಲಿಯೇ ಆಗಿತ್ತು. ರಾಜಸ್ಥಾನದಲ್ಲಿ ಇಬ್ಬರು ಪತ್ರಕರ್ತರು ಗುಪ್ತ ಕ್ಯಾಮೆರಾದಿಂದ ನೂರಕ್ಕೂ ಮಿಕ್ಕ ವೈದ್ಯರ ಅಪರಾಧವನ್ನು ಸೆರೆಹಿಡಿದು ಆರು ವರ್ಷಗಳೇ ಕಳೆದಿದ್ದರೂ ಮೊಕದ್ದಮೆಗಳು ತೆವಳುತ್ತಿದ್ದವು. ಕಂತು ಪ್ರಸಾರವಾದ ಮೂರೇ ದಿನಗಳಲ್ಲಿ ಆಮೀರ್ ಖಾನರು ಮುಖ್ಯಮಂತ್ರಿ ಅಶೋಕ್ ಗೆಹಲೋತರನ್ನು ಕಂಡರು. ಶೀಘ್ರ ವಿಚಾರಣೆಯ ನ್ಯಾಯಾಲಯಕ್ಕೆ ಪ್ರಯತ್ನಿಸುವ ಭರವಸೆ ದೊರೆಯಿತು. ಆರು ವರ್ಷ ತೆರೆಯದ ಬಾಗಿಲು ಮೂರು ದಿನಗಳಲ್ಲಿ ತೆರೆದುದು ಖ್ಯಾತಿಯ ಬಲದಿಂದಲೇ ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಬಾಗಿಲು ತೆರೆದರೆ ಮೊಕದ್ದಮೆ ತೀರಿದಂತಾಗಲಿಲ್ಲ. ೨೦೧೫–೧೬ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಹುಟ್ಟುವಾಗಿನ ಪ್ರಮಾಣ ಸಾವಿರ ಗಂಡಿಗೆ ೯೧೯ ಹೆಣ್ಣು, ೨೦೧೯–೨೧ರಲ್ಲಿ ೯೨೯ ಎಂದು ಕಂಡುಬಂದಿದೆ. ಈ ಅಲ್ಪ ಏರಿಕೆಯಲ್ಲಿ ಕಾಯಿದೆಯ ಪಾಲೆಷ್ಟು, ೨೦೧೫ರಲ್ಲಿ ಪಾಣಿಪತ್ತಿನಲ್ಲಿ ಆರಂಭವಾದ ‘ಬೇಟಿ ಬಚಾವೋ’ ಯೋಜನೆಯ ಪಾಲೆಷ್ಟು, ಹೆಣ್ಣುಮಕ್ಕಳ ವಿದ್ಯೆಯ ಪಾಲೆಷ್ಟು, ಒಂದು ಭಾನುವಾರದ ಕಂತಿನ ಪಾಲೆಷ್ಟು ಎಂದು ತೂಗಿ ಬೇರೆಮಾಡುವ ತಕ್ಕಡಿ ಯಾರ ಬಳಿಯೂ ಇಲ್ಲ.

ಎರಡನೆಯ ಕಂತು ಮಕ್ಕಳ ಮೇಲಿನ ದೌರ್ಜನ್ಯವನ್ನು ಕುರಿತದ್ದು. ಮೇ ೧೩ರಂದು ಪ್ರಸಾರವಾಯಿತು. ಮೇ ೨೨ರಂದು ಲೋಕಸಭೆ ಪೋಕ್ಸೋ ಎಂದು ಹೆಸರಾದ ಮಕ್ಕಳ ರಕ್ಷಣೆಯ ಮಸೂದೆಯನ್ನು ಅಂಗೀಕರಿಸಿತು. ಕಾರ್ಯಕ್ರಮದ ಅಭಿಮಾನಿಗಳು ಇದನ್ನು ದೊಡ್ಡ ವಿಜಯವೆಂದು ಕೊಂಡಾಡಿದರು. ಇತಿಹಾಸದ ವಿದ್ಯಾರ್ಥಿ ಮಾತ್ರ ತಾರೀಖುಗಳನ್ನು ನೋಡಬೇಕು. ಆ ಮಸೂದೆ ರಾಜ್ಯಸಭೆಯಲ್ಲಿ ಮಂಡನೆಯಾದುದು ೨೦೧೧ರ ಮಾರ್ಚಿಯಲ್ಲಿ. ಅಲ್ಲಿ ಅಂಗೀಕಾರವಾದುದು ೨೦೧೨ರ ಮೇ ೧೦ರಂದು, ಅಂದರೆ ಕಂತಿಗೆ ಮೂರು ದಿನ ಮೊದಲು. ಕಾಗೆ ಕೂತುದಕ್ಕೂ ಕೊಂಬೆ ಮುರಿದುದಕ್ಕೂ ಇರುವ ಸಂಬಂಧವನ್ನು ನಮ್ಮ ತಾರ್ಕಿಕರು ಕಾಕತಾಳೀಯ ನ್ಯಾಯವೆಂದು ಎಂದೋ ವಿವರಿಸಿದ್ದಾರೆ. ಮಸೂದೆಯ ಹಿಂದೆ ಮಕ್ಕಳ ಹಕ್ಕಿಗಾಗಿ ದುಡಿದವರ ಹಲವು ವರ್ಷಗಳ ಶ್ರಮವಿತ್ತು.

ಆದರೂ ಈ ಕಂತಿನ ಉಪಕಾರವನ್ನು ಅಲ್ಲಗಳೆಯಲಾಗದು. ಅದರಲ್ಲಿ ಮಕ್ಕಳನ್ನೇ ಕೂರಿಸಿಕೊಂಡು, ದೇಹದ ಯಾವ ಭಾಗವನ್ನು ಪರರು ಮುಟ್ಟಬಾರದು, ಮುಟ್ಟಿದರೆ ಏನು ಮಾಡಬೇಕು ಎಂಬುದನ್ನು ನಗುನಗುತ್ತ ಕಲಿಸಿದರು. ನಮ್ಮ ಮನೆಗಳಲ್ಲಿ ಆ ಮಾತಿಗೆ ಪದಗಳೇ ಇರಲಿಲ್ಲ. ಆ ವಾರ ಅಜ್ಜಿ, ತಂದೆ, ಮಗಳು ಒಂದೇ ನಡುಮನೆಯಲ್ಲಿ ಕುಳಿತು ಅದನ್ನು ಕೇಳಿದ್ದರಿಂದ ಮಾತು ಆಡಬಹುದಾದ ಮಾತಾಯಿತು. ನಮ್ಮ ಶಾಲೆ ಬೇಸಗೆ ರಜೆ ಮುಗಿದು ತೆರೆದಾಗ ಎಂಟನೆಯ ತರಗತಿಯ ಇಬ್ಬರು ಹುಡುಗಿಯರು ನಮ್ಮ ಸಹೋದ್ಯೋಗಿನಿಯೊಬ್ಬರ ಬಳಿಗೆ ಹೋಗಿ, “ಯಾರಿಗೆ ಹೇಳಬೇಕು ಟೀಚರ್?” ಎಂದು ಕೇಳಿದರಂತೆ. ಆಕೆ ಬಾಗಿಲು ಮುಂದೆ ಮಾಡಿ ಅವರ ಮಾತನ್ನೆಲ್ಲ ಕೇಳಿದರು. ಮಕ್ಕಳ ಸಹಾಯವಾಣಿಯ ೧೦೯೮ ಎಂಬ ಸಂಖ್ಯೆಯನ್ನು ಪ್ರತಿ ತರಗತಿಯ ಗೋಡೆಯ ಮೇಲೆ ಬರೆಸಿದರು. ಹೇಳಬೇಕೆಂಬ ಧೈರ್ಯವನ್ನು ಆ ಹುಡುಗಿಯರಿಗೆ ಕೊಟ್ಟುದು ಪರದೆ. ಯಾರಿಗೆ ಎಂಬುದಕ್ಕೆ ಉತ್ತರವಾಗಿ ನಿಂತುದು ಊರಿನ ಒಬ್ಬ ಉಪಾಧ್ಯಾಯಿನಿ. ಆಕೆ ಇಲ್ಲದಿದ್ದರೆ ಆ ಧೈರ್ಯ ಏನಾಗುತ್ತಿತ್ತೆಂಬುದನ್ನು ವಾಚಕರೇ ಊಹಿಸಬಹುದು.

ನಾಲ್ಕನೆಯ ಕಂತಿನಲ್ಲಿ ವೈದ್ಯವೃತ್ತಿಯನ್ನು ಟೀಕಿಸಿದಾಗ ಭಾರತೀಯ ವೈದ್ಯಕೀಯ ಸಂಘ ಕ್ಷಮಾಪಣೆ ಕೇಳಬೇಕೆಂದು ಒತ್ತಾಯಪಡಿಸಿತು. ಆಮೀರ್ ಖಾನರು ಒಪ್ಪಲಿಲ್ಲ. ಜೂನ್ ತಿಂಗಳಿನಲ್ಲಿ ಸಂಸತ್ತಿನ ಸಮಿತಿಯೊಂದು ಅವರನ್ನು ಕರೆಸಿ, ಕಡಮೆ ಬೆಲೆಯ ಜನರಿಕ್ ಔಷಧಗಳನ್ನು ಕುರಿತು ಅವರ ಅಭಿಪ್ರಾಯವನ್ನು ಕೇಳಿತು. ಜನೌಷಧಿ ಅಂಗಡಿಗಳು ೨೦೦೮ರಲ್ಲೇ ಮೊದಲಾಗಿದ್ದವು; ರಾಜಸ್ಥಾನ ಸರಕಾರ ೨೦೧೧ರ ಅಕ್ಟೋಬರ್ ೨ರಿಂದ ಆಸ್ಪತ್ರೆಗಳಲ್ಲಿ ಉಚಿತ ಔಷಧ ಕೊಡುತ್ತಿತ್ತು. ಈ ಸಂಗತಿಗಳು ಸಾಮಾನ್ಯ ಗೃಹಸ್ಥನಿಗೆ ತಿಳಿದುದು ಮಾತ್ರ ಆ ಭಾನುವಾರ. ಔಷಧದ ಚೀಟಿಯನ್ನು ಹಿಡಿದು, ಇದರದೇ ಕಡಮೆ ಬೆಲೆಯದು ಇದೆಯೆ ಎಂದು ಅಂಗಡಿಯವನನ್ನು ಕೇಳುವ ದಿಟ್ಟತನ ಅನೇಕರಿಗೆ ಬಂದುದು ಸಣ್ಣ ಲಾಭವಲ್ಲ.

ಈ ಎಲ್ಲಕ್ಕಿಂತ ಹೆಚ್ಚು ಆಲೋಚನೆಗೆ ಹಚ್ಚುವುದು ಜುಲೈ ೮ರ ಅಸ್ಪೃಶ್ಯತೆಯ ಕಂತು. ಅದರಲ್ಲಿ ಮಾತನಾಡಿದ ಬೆಜವಾಡ ವಿಲ್ಸನ್ನರು ನಮ್ಮ ಕೋಲಾರದ ಚಿನ್ನದ ಗಣಿ ಊರಿನಲ್ಲಿ ೧೯೬೬ರಲ್ಲಿ ಹುಟ್ಟಿದವರು. ಚಿನ್ನ ತೆಗೆಯುವ ಆ ಊರಿನ ಒಣ ಪಾಯಿಖಾನೆಗಳಿಂದ ಮಲ ಬಳಿದು ಹೊರುವ ಕೆಲಸ ಅವರ ಮನೆತನಕ್ಕೆ ಬಂದಿತ್ತು. ಮಲ ಹೊರುವ ಪದ್ಧತಿ ನಿಲ್ಲಬೇಕೆಂದು ೧೯೭೦ರ ದಶಕದಲ್ಲಿ ದೇವರಾಜ ಅರಸರ ಸಂಪುಟದಲ್ಲಿದ್ದ ಬಿ. ಬಸವಲಿಂಗಪ್ಪನವರು ನಮ್ಮ ರಾಜ್ಯದಲ್ಲಿ ನಿಷೇಧ ತಂದರು. ೧೯೯೩ರಲ್ಲಿ ಕೇಂದ್ರದ ಕಾಯಿದೆಯೂ ಆಯಿತು. ಆದರೂ ಪದ್ಧತಿ ನಿಲ್ಲಲಿಲ್ಲ. ವಿಲ್ಸನ್ನರು ಸಂಗಡಿಗರೊಡನೆ ಸಫಾಯಿ ಕರ್ಮಚಾರಿ ಆಂದೋಲನವನ್ನು ಕಟ್ಟಿ ೨೦೦೩ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲು ಹತ್ತಿದರು. ೨೦೧೦ರ ಜುಲೈಯಲ್ಲಿ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಭಂಗಿ ಕುಟುಂಬಗಳವರು ತಮ್ಮನ್ನು ನೆಲೆಯಿಂದ ಎಬ್ಬಿಸುವುದರ ವಿರುದ್ಧ ಮೈಮೇಲೆ ಮಲ ಸುರಿದುಕೊಂಡು ಪ್ರತಿಭಟಿಸಿದಾಗ ನಾಡೆಲ್ಲ ತಲೆತಗ್ಗಿಸಿತು. ಅಲ್ಲಿ ಯಾವ ನಟನೂ ಇರಲಿಲ್ಲ, ಹಾಡೂ ಇರಲಿಲ್ಲ.

ಕಂತು ಮುಗಿದ ಮೇಲೆ ಆಮೀರ್ ಖಾನರು ಪ್ರಧಾನಮಂತ್ರಿ ಮನಮೋಹನ ಸಿಂಗರನ್ನು ಕಂಡು ಈ ವಿಷಯವನ್ನು ಅರಿಕೆಮಾಡಿದರು. ಆ ಸೆಪ್ಟೆಂಬರಿನಲ್ಲಿ ಹೊಸ ಮಸೂದೆ ಮಂಡನೆಯಾಗಿ ೨೦೧೩ರಲ್ಲಿ ಕಾಯಿದೆಯಾಯಿತು. ೨೦೧೪ರ ಮಾರ್ಚಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಒಳಚರಂಡಿಯಲ್ಲಿ ಸತ್ತವರ ಮನೆಯವರಿಗೆ ತಲಾ ಹತ್ತು ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ತೀರ್ಪಿತ್ತಿತು. ವಿಲ್ಸನ್ನರಿಗೆ ೨೦೧೬ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ೨೦೨೩ರ ಅಕ್ಟೋಬರಿನಲ್ಲಿ ಅದೇ ನ್ಯಾಯಾಲಯ ಪರಿಹಾರವನ್ನು ಮೂವತ್ತು ಲಕ್ಷಕ್ಕೆ ಏರಿಸಬೇಕಾಯಿತು ಎಂಬುದೇ, ಸಾವುಗಳು ನಿಂತಿಲ್ಲವೆಂಬುದಕ್ಕೆ ಸಾಕ್ಷಿ. ಮೂರು ದಶಕಗಳ ಹೋರಾಟದ ಈ ದೀರ್ಘ ಪಟ್ಟಿಯಲ್ಲಿ ಆ ಕಂತು ಒಂದು ಗಂಟೆಯ ಘಟನೆ. ಆದರೆ ಆ ಗಂಟೆಯಲ್ಲಿ, ಪಾಯಿಖಾನೆಯನ್ನು ತೊಳೆಯುವವರು ಯಾರೆಂದು ಒಮ್ಮೆಯೂ ಯೋಚಿಸದ ಕೋಟ್ಯಂತರ ಮಂದಿಯ ಎದುರಿಗೆ ಅವರು ಬಂದು ಕುಳಿತು ಮಾತನಾಡಿದರು. ಹೋರಾಟಗಾರನಿಗೆ ಸಭೆಯನ್ನು ಕೂಡಿಸಿಕೊಟ್ಟುದು ಖ್ಯಾತಿ. ಸಭೆಗೆ ಹೇಳಲು ಮಾತನ್ನು ದುಡಿದು ತಂದವನು ಹೋರಾಟಗಾರ.

ಇಲ್ಲಿ ರಸಶಾಸ್ತ್ರದ ಒಂದು ಮಾತನ್ನು ನೆನೆಯಬೇಕು. ಲೋಕದ ಶೋಕ ನಮ್ಮನ್ನು ಬಾಧಿಸುತ್ತದೆ. ರಂಗದ ಶೋಕ ಕರುಣರಸವಾಗಿ ಆಸ್ವಾದ್ಯವಾಗುತ್ತದೆ. ಸಹೃದಯನು ಅತ್ತು ಹಗುರಾಗಿ ಮನೆಗೆ ಹೋಗುತ್ತಾನೆ. ರಸಾನುಭವ ಅಲ್ಲಿಗೆ ಪರಿಪೂರ್ಣ. ಅದು ಇನ್ನೇನನ್ನೂ ಬೇಡುವುದಿಲ್ಲ. ನಿಜವಾದ ನೊಂದವರನ್ನು ರಂಗದ ಮೇಲೆ ಕೂರಿಸಿ, ದೀಪ, ಸಂಗೀತಗಳ ನಡುವೆ ಅವರ ನೋವನ್ನು ತೋರಿಸಿದಾಗ ಅದೂ ರಸವಾಗಿ ಬಿಡುವ ಅಪಾಯವುಂಟು. ಭಾನುವಾರ ಕಣ್ಣೊರಸಿಕೊಂಡು, ಒಂದು ರೂಪಾಯಿಯ ಸಂದೇಶವನ್ನು ಕಳಿಸಿ, ತನ್ನ ಪಾಲಿನ ಧರ್ಮ ಮುಗಿಯಿತೆಂದು ಊಟಕ್ಕೆ ಏಳುವುದು ಸುಲಭ. ಈ ಕಾರ್ಯಕ್ರಮದ ಟೀಕಾಕಾರರ ಮಾತಿನಲ್ಲಿ ಸತ್ಯವಿರುವುದು ಇಷ್ಟರಮಟ್ಟಿಗೆ.

ಕನ್ನಡಿಗರ ಪಾಲಿಗೆ ಇನ್ನೊಂದು ಕಥೆಯೂ ಇದೆ. ಈ ಕಾರ್ಯಕ್ರಮ ತಮಿಳು, ತೆಲುಗು, ಮಲಯಾಳ, ಮರಾಠಿ, ಬಂಗಾಳಿ ನುಡಿಗಳಲ್ಲಿ ಧ್ವನಿ ಬದಲಿಸಿಕೊಂಡು ಬಂತು. 2012ರಲ್ಲಿ ಕನ್ನಡದ ವಾಹಿನಿಯಲ್ಲಿ ಬರಲಿಲ್ಲ. ಪರಭಾಷೆಯ ಚಿತ್ರಗಳಿಗೆ ಕನ್ನಡದ ಧ್ವನಿ ಸೇರಿಸುವ ಡಬ್ಬಿಂಗ್ ಪದ್ಧತಿಯನ್ನು ಅ. ನ. ಕೃಷ್ಣರಾಯರೇ ಮೊದಲಾದವರು ೧೯೬೦ರ ದಶಕದಲ್ಲಿ ವಿರೋಧಿಸಿದ್ದರು. ಆಗ ಎಳೆಯದಾಗಿದ್ದ ಕನ್ನಡ ಚಿತ್ರರಂಗ ಅದರಿಂದ ಉಳಿದು ಬೆಳೆಯಿತು; ಆ ಕಾಲಕ್ಕೆ ಅದು ತಕ್ಕ ಕ್ರಮವೇ. ಆ ವಿರೋಧ ಸಂಪ್ರದಾಯವಾಗಿ ಉಳಿದು ೨೦೧೨ರಲ್ಲಿಯೂ ಅಡ್ಡ ಬಂತು. ಹಿಂದೀ ಬಲ್ಲ ಪಟ್ಟಣಿಗರು ಹೇಗೋ ನೋಡಿದರು. ಹೆಣ್ಣು ಭ್ರೂಣದ ಮಾತು, ಮಕ್ಕಳ ಮಾತು ಯಾವ ತಾಯಿಗೆ ಅಗತ್ಯವಾಗಿ ತಲಪಬೇಕಾಗಿತ್ತೋ ಆಕೆಗೆ ತನ್ನ ನುಡಿಯಲ್ಲಿ ಅದು ಮನೆಯ ಪರದೆಯ ಮೇಲೆ ಕೇಳಿಸಲಿಲ್ಲ. ಕನ್ನಡ ಗ್ರಾಹಕರ ಕೂಟದ ದೂರಿನ ಮೇಲೆ ಸ್ಪರ್ಧಾ ಆಯೋಗವು ೨೦೧೫ರಲ್ಲಿ ಡಬ್ಬಿಂಗ್ ತಡೆಯುವುದು ಸಲ್ಲದೆಂದು ತೀರ್ಪು ಕೊಟ್ಟಿತು. ಮುಂದೆ ೨೦೨೦ರಲ್ಲಿ ‘ಮಹಾಭಾರತ’ದಂಥ ಧಾರಾವಾಹಿಗಳು ಕನ್ನಡದ ಧ್ವನಿಯಲ್ಲಿ ಬಂದುವು. ಭಾಷೆಯನ್ನು ಕಾಯುವುದೆಂದರೆ ಅದರಲ್ಲಿ ಹೇಳಬಹುದಾದ ವಿಷಯಗಳನ್ನು ಹೆಚ್ಚಿಸುವುದೇ ಎಂದು ಈ ಲೇಖಕನ ಅಭಿಪ್ರಾಯ.

ಹಾಗಾದರೆ ಖ್ಯಾತಿ ಎಲ್ಲಿ ಫಲ ಕೊಟ್ಟಿತು? ಎರಡು ದೃಷ್ಟಾಂತಗಳನ್ನು ಕೊಡಬಹುದು. ಪೋಲಿಯೋ ಹನಿ ಹಾಕಿಸದ ತಾಯಿತಂದೆಗಳನ್ನು ಅಮಿತಾಭ್ ಬಚ್ಚನ್ನರು ಮನೆಯ ಹಿರಿಯನಂತೆ ಗದರಿಸಿದ ಪ್ರಕಟಣೆಗಳು ಎಲ್ಲರಿಗೂ ನೆನಪಿವೆ. ಗದರಿಕೆ ಕೇಳಿದ ತಾಯಿ ದೂರ ಹೋಗಬೇಕಾಗಿರಲಿಲ್ಲ. ಪೆಟ್ಟಿಗೆ ಹಿಡಿದ ಲಕ್ಷಾಂತರ ಕಾರ್ಯಕರ್ತೆಯರು ಬಾಗಿಲಿಗೇ ಬರುತ್ತಿದ್ದರು. ೨೦೧೧ರ ಜನವರಿಯ ಬಳಿಕ ದೇಶದಲ್ಲಿ ಕಾಡು ಪೋಲಿಯೋ ವೈರಸ್ಸಿನ ಪ್ರಕರಣ ಕಾಣಲಿಲ್ಲ. ೨೦೧೪ರ ಮಾರ್ಚ್ ೨೭ರಂದು ಭಾರತ ಪೋಲಿಯೋಮುಕ್ತವೆಂದು ಪ್ರಮಾಣಿತವಾಯಿತು. ಎರಡನೆಯದು ನಮ್ಮ ಮನೆಯದು. ಡಾ. ರಾಜಕುಮಾರರು ೨೦೦೬ರಲ್ಲಿ ತೀರಿಕೊಂಡಾಗ ಅವರ ಕಣ್ಣುಗಳು ದಾನವಾದುವು. ೨೦೨೧ರ ಅಕ್ಟೋಬರ್ ೨೯ರಂದು ಪುನೀತ್ ರಾಜಕುಮಾರರು ಅಕಾಲದಲ್ಲಿ ಅಗಲಿದಾಗ ಅವರ ಕಣ್ಣುಗಳೂ ದಾನವಾಗಿ ನಾಲ್ವರಿಗೆ ದೃಷ್ಟಿ ಕೊಟ್ಟುವು. ಆ ಬಳಿಕ ನೇತ್ರದಾನದ ವಾಗ್ದಾನಕ್ಕೆ ರಾಜ್ಯದಲ್ಲಿ ಜನ ಸಾಲುಗಟ್ಟಿದರು. ಅಲ್ಲಿ ಉಪದೇಶದ ಮಾತೇ ಇರಲಿಲ್ಲ, ಆಚರಣೆ ಇತ್ತು. ಜನ ಮಾಡಬೇಕಾದ ಕೆಲಸ ಒಂದೇ, ಸ್ಪಷ್ಟವಾದುದು. ಅದನ್ನು ಸ್ವೀಕರಿಸಲು ನೇತ್ರಭಂಡಾರಗಳು ಸಿದ್ಧವಾಗಿದ್ದವು.

ಈ ಪಾಠವನ್ನು ‘ಸತ್ಯಮೇವ ಜಯತೇ’ಯವರೇ ಕಲಿತರೆಂದು ತೋರುತ್ತದೆ. ಕಾರ್ಯಕ್ರಮ ಮುಗಿದ ಮೇಲೆ ೨೦೧೬ರಲ್ಲಿ ಆಮೀರ್ ಖಾನ್, ಕಿರಣ್ ರಾವ್, ಭಟ್ಕಳರು ಮಹಾರಾಷ್ಟ್ರದಲ್ಲಿ ಪಾನೀ ಫೌಂಡೇಶನ್ ಎಂಬ ಸಂಸ್ಥೆಯನ್ನು ಕಟ್ಟಿದರು. ಬರದ ಹಳ್ಳಿಗಳಿಂದ ತಲಾ ಐವರನ್ನು ಕರೆಸಿ, ಮಳೆನೀರನ್ನು ತಡೆದು ಇಂಗಿಸುವ ವಿದ್ಯೆಯನ್ನು ಕಲಿಸಿ ಕಳಿಸುವುದು. ಬಳಿಕ ಊರಿಗೂರಿಗೂ ಸ್ಪರ್ಧೆ ಹೂಡಿ ನಲವತ್ತೈದು ದಿನ ಶ್ರಮದಾನ ಮಾಡಿಸುವುದು. ಮೊದಲ ವರ್ಷ ಮೂರು ತಾಲ್ಲೂಕುಗಳ ೧೧೬ ಹಳ್ಳಿಗಳು ಸೇರಿದವು. ಸಾತಾರ ಜಿಲ್ಲೆಯ ವೇಳೂ ಗ್ರಾಮ ಗೆದ್ದಿತು. ೨೦೧೮ರ ಹೊತ್ತಿಗೆ ತಾಲ್ಲೂಕುಗಳು ಎಪ್ಪತ್ತೈದಾದುವು. ಅದೇ ವರ್ಷ ಮಳೆ ಕೈಕೊಟ್ಟು ಆ ರಾಜ್ಯದ ೧೫೧ ತಾಲ್ಲೂಕುಗಳನ್ನು ಬರಪೀಡಿತವೆಂದು ಸಾರಿದ್ದರಿಂದ, ಗುಂಡಿ ತೋಡಿದ ಮಾತ್ರಕ್ಕೆ ಮೋಡ ಸುರಿಯದೆಂಬುದೂ ಸ್ಪಷ್ಟವಾಯಿತು. ಆದರೆ ನಾನು ಬೊಟ್ಟುಮಾಡುವುದು ಬೇರೊಂದು ಸಂಗತಿಗೆ. ಕೋಟಿ ಜನಕ್ಕೆ ಒಂದು ಗಂಟೆ ಮಾತನಾಡಿದವರು, ಐವರಿಗೆ ಕೆಲವು ದಿನ ಕಲಿಸುವ ಕೆಲಸಕ್ಕೆ ಇಳಿದರು. ಪುಣೆಯ ಬಾನುಲಿ ಕೂಟ ಅರುವತ್ತು ವರ್ಷಗಳ ಹಿಂದೆ ಅದೇ ರಾಜ್ಯದ ಹಳ್ಳಿಗಳಲ್ಲಿ ತೋರಿಸಿದ್ದ ದಾರಿ ಅದೇ ಅಲ್ಲವೆ?

ಆದುದರಿಂದ ಪರದೆಯ ಉಪದೇಶ ಸಮಾಜವನ್ನು ಬದಲಿಸುತ್ತದೆಯೆ ಎಂಬ ಪ್ರಶ್ನೆಗೆ ಬರಿದೆ ಹೌದೆಂದಾಗಲಿ ಅಲ್ಲವೆಂದಾಗಲಿ ಹೇಳುವುದು ಸಾಧುವಲ್ಲ. ಅದು ಮುಚ್ಚಿದ್ದ ಮಾತನ್ನು ನಡುಮನೆಗೆ ತರಬಲ್ಲದು; ಅಧಿಕಾರಿಗಳ ಬಾಗಿಲನ್ನು ಬೇಗ ತೆರೆಯಿಸಬಲ್ಲದು; ಒಂಟಿಯಾಗಿ ದುಡಿಯುತ್ತಿರುವವನಿಗೆ ಸಾವಿರ ಕಿವಿಗಳನ್ನು ಕೊಡಬಲ್ಲದು. ಕಾಯಿದೆ ಮಾಡುವುದು, ಮೊಕದ್ದಮೆ ನಡೆಸುವುದು, ಮಗುವಿನ ದೂರನ್ನು ಕೇಳಿಸಿಕೊಳ್ಳುವುದು, ಚರಂಡಿಗೆ ಮನುಷ್ಯನನ್ನು ಇಳಿಸದೆ ಯಂತ್ರ ತರಿಸುವುದು — ಇವು ಅದರ ಕೈಯಿಂದ ಆಗವು. ಅವೆಲ್ಲ ಊರಿನಲ್ಲಿ, ಊರವರಿಂದಲೇ ಆಗಬೇಕು.

ಬಾನುಲಿಯಾಗಲಿ ಟೆಲಿವಿಷನ್ನಾಗಲಿ ಮನೆಯಲ್ಲಿರುವ ಗೃಹಸ್ಥರಿಗೆ ಇದರಿಂದ ಒಂದು ಸಣ್ಣ ಕರ್ತವ್ಯ ಒದಗುತ್ತದೆ. ಒಳ್ಳೆಯ ಕಾರ್ಯಕ್ರಮ ಮುಗಿದ ಕೂಡಲೆ ಗುಂಡಿಯನ್ನು ತಿರುಗಿಸಿ ಇನ್ನೊಂದಕ್ಕೆ ಹೋಗದೆ, ಹತ್ತು ನಿಮಿಷ ಮನೆಯವರೊಡನೆಯೋ ನೆರೆಯವರೊಡನೆಯೋ ಕುಳಿತು ಮಾತನಾಡುವುದು. ಇದರಲ್ಲಿ ನಮ್ಮ ಬೀದಿಗೆ ಸಂಬಂಧಿಸಿದುದೇನಿದೆ ಎಂದು ಕೇಳಿಕೊಳ್ಳುವುದು. ನಿಮ್ಮ ಬೀದಿಯ ಒಳಚರಂಡಿ ಕಟ್ಟಿಕೊಂಡಾಗ ಅದಕ್ಕೆ ಇಳಿಯುವವರು ಯಾರು, ಅವರನ್ನು ಇಳಿಸುವವರು ಯಾರು ಎಂದು ವಿಚಾರಿಸುವುದರಿಂದ ಅದನ್ನು ಆರಂಭಿಸಬಹುದು.